ವಿಂತ್ರಾಪ್ ರಾಕ್‌ಫೆಲ್ಲರ್: ಪೆಟಿಟ್ ಜೀನ್ ಬೆಟ್ಟದಿಂದ ಲಿಟಲ್ ರಾಕ್‌ವರೆಗೆ

ವಿಂತ್ರಾಪ್ ರಾಕ್‌ಫೆಲ್ಲರ್ 1967ರ ಜನವರಿಯಿಂದ 1971ರ ಜನವರಿಯವರೆಗೆ ಅಮೆರಿಕದ ಅರ್ಕನ್ಸಾ ರಾಜ್ಯದ ಗವರ್ನರ್ ಆಗಿದ್ದರು. ಜಗತ್ತಿನ ಅತಿ ದೊಡ್ಡ ಶ್ರೀಮಂತ ಮನೆತನಗಳಲ್ಲಿ ಒಂದಕ್ಕೆ ಸೇರಿದವರು ಅವರು. ಅವರು ಆಳಿದ್ದು ತನ್ನ ದೇಶದಲ್ಲೇ ಅತಿ ಬಡವೆನಿಸಿಕೊಂಡಿದ್ದ ರಾಜ್ಯಗಳಲ್ಲಿ ಒಂದನ್ನು. ಅವರ ಆಡಳಿತ ನಾಲ್ಕೇ ವರ್ಷದ್ದು. ಅದರಲ್ಲಿ ಸೋತ ಮಸೂದೆಗಳೇ ಹೆಚ್ಚು. ಆದರೂ ಅಮೆರಿಕದ ದಕ್ಷಿಣ ರಾಜ್ಯಗಳ ಚರಿತ್ರೆಯನ್ನು ಬರೆಯುವವರು ಆ ನಾಲ್ಕು ವರ್ಷಗಳನ್ನು ಬಿಟ್ಟು ಮುಂದೆ ಹೋಗಲಾರರು.

ಅಮೆರಿಕದ ಗವರ್ನರ್ ಭಾರತದ ರಾಜ್ಯಪಾಲರಂತೆ ಕೇಂದ್ರದಿಂದ ನೇಮಕವಾಗುವವರಲ್ಲ. ಜನರೇ ನೇರವಾಗಿ ಆರಿಸುತ್ತಾರೆ. ಆಡಳಿತದ ಹೊಣೆ ನಮ್ಮ ಮುಖ್ಯಮಂತ್ರಿಯದಕ್ಕೆ ಸಮೀಪ. ಒಂದು ದೊಡ್ಡ ವ್ಯತ್ಯಾಸವಿದೆ: ಗವರ್ನರ್‌ಗೆ ಶಾಸನಸಭೆಯಲ್ಲಿ ಬಹುಮತ ಇರಲೇಬೇಕೆಂದಿಲ್ಲ. ಸಭೆ ಪೂರ್ತಿ ಎದುರಾಳಿಗಳ ಕೈಯಲ್ಲಿದ್ದರೂ ಅವರ ಅಧಿಕಾರಾವಧಿ ನಡೆಯುತ್ತದೆ. ವಿಂತ್ರಾಪ್ ಅವರ ರಾಜಕೀಯ ಜೀವನವೆಲ್ಲ ಈ ಒಂದು ಇಕ್ಕಟ್ಟಿನೊಳಗೇ ನಡೆಯಿತು.

ಅವರು ಹುಟ್ಟಿದ್ದು ನ್ಯೂಯಾರ್ಕ್ ನಗರದಲ್ಲಿ, 1912ರ ಮೇ 1ರಂದು. ಅಜ್ಜ ಜಾನ್ ಡಿ. ರಾಕ್‌ಫೆಲ್ಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಸ್ಥಾಪಿಸಿ, ಅಮೆರಿಕದ ಎಣ್ಣೆ ಶುದ್ಧೀಕರಣದ ಬಹುಪಾಲನ್ನು ಹಿಡಿತಕ್ಕೆ ತೆಗೆದುಕೊಂಡವರು. ಮೊಮ್ಮಗ ಹುಟ್ಟುವ ಹಿಂದಿನ ವರ್ಷ, 1911ರಲ್ಲಿ, ಸುಪ್ರೀಂ ಕೋರ್ಟು ಆ ಕಂಪನಿಯನ್ನು ಏಕಸ್ವಾಮ್ಯದ ಆರೋಪದ ಮೇಲೆ 34 ತುಂಡು ಮಾಡಿತು. ಆ ತುಂಡುಗಳ ಷೇರು ಬೆಲೆ ಏರಿ ಅಜ್ಜ ಮೊದಲಿಗಿಂತ ಶ್ರೀಮಂತರಾದರು. 1914ರಲ್ಲಿ ಕೊಲೊರಾಡೊದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆದು ಹೆಂಗಸರು, ಮಕ್ಕಳು ಸುಟ್ಟು ಸತ್ತರು. ಆ ಗಣಿ ಕಂಪನಿಯಲ್ಲಿ ಮನೆತನದ್ದೇ ದೊಡ್ಡ ಪಾಲು ಇತ್ತು. ದೇಶವೆಲ್ಲ ರಾಕ್‌ಫೆಲ್ಲರ್ ಹೆಸರನ್ನು ಶಪಿಸಿತು. ತಂದೆ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ತಮ್ಮ ಬಾಳಿನ ಹೆಚ್ಚಿನ ಭಾಗವನ್ನು ದಾನದತ್ತಿಗಳಿಗೆ ಮೀಸಲಿಟ್ಟರು. ತಾಯಿ ಆಬಿ ಆಲ್ಡ್ರಿಚ್ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದ ಮೂವರಲ್ಲಿ ಒಬ್ಬರು.

ಆರು ಮಕ್ಕಳಲ್ಲಿ ವಿಂತ್ರಾಪ್ ಐದನೆಯವರು. ಅಣ್ಣಂದಿರು ಜಾನ್, ನೆಲ್ಸನ್, ಲಾರೆನ್ಸ್, ತಮ್ಮ ಡೇವಿಡ್, ಎಲ್ಲರಿಗೂ ಹಿರಿಯಳು ಅಕ್ಕ. ಮನೆಯಲ್ಲಿ ಹೆಂಡ, ತಂಬಾಕು ನಿಷಿದ್ಧ. ಮಕ್ಕಳ ಕೈಖರ್ಚಿನ ಒಂದೊಂದು ಕಾಸಿಗೂ ಪುಸ್ತಕದಲ್ಲಿ ಲೆಕ್ಕ ಬರೆಯಬೇಕು. ಒಂದಷ್ಟು ಉಳಿಸಬೇಕು, ಒಂದಷ್ಟು ದಾನ ಕೊಡಬೇಕು. ಸೋದರರಲ್ಲಿ ದಪ್ಪಗಿದ್ದ, ಸಂಕೋಚದ ಸ್ವಭಾವದ ಈ ಹುಡುಗ ನೆಲ್ಸನ್ ಮತ್ತು ಲಾರೆನ್ಸ್ ಅವರ ಚೇಷ್ಟೆಗೆ ಸುಲಭವಾಗಿ ಸಿಕ್ಕುತ್ತಿದ್ದ. ಓದಿನಲ್ಲಿ ಹಿಂದೆ. 1931ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿ 1934ರಲ್ಲಿ ಪದವಿಯಿಲ್ಲದೆ ಹೊರಬಂದರು.

ಅನಂತರ ಅವರು ಹೋದದ್ದು ಟೆಕ್ಸಾಸಿನ ಎಣ್ಣೆ ಬಾವಿಗಳಿಗೆ, ಕೂಲಿಯಾಳಾಗಿ. ಅಜ್ಜ ಕಟ್ಟಿದ ಉದ್ಯಮದ ಅತಿ ಕೆಳಗಿನ ಮೆಟ್ಟಿಲು ಅದು. ಮೈಗೆ ಎಣ್ಣೆ ಮೆತ್ತಿಸಿಕೊಂಡು, ಉಳಿದವರ ಜೊತೆ ಉಂಡು ಮಲಗಿ ಕಳೆದ ಆ ದಿನಗಳನ್ನು ಅವರು ಕಡೆಯವರೆಗೂ ಹೆಮ್ಮೆಯಿಂದ ನೆನೆಯುತ್ತಿದ್ದರು. 1941ರ ಆರಂಭದಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯುವ ಮುನ್ನವೇ, ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿದರು. 77ನೆಯ ಪದಾತಿ ಡಿವಿಷನ್ನಿನೊಂದಿಗೆ ಗುವಾಮ್, ಲೇಟೆ, ಓಕಿನಾವಾ ಕದನಗಳನ್ನು ಕಂಡರು. 1945ರ ಏಪ್ರಿಲಿನಲ್ಲಿ ಓಕಿನಾವಾ ಬಳಿ ಅವರಿದ್ದ ಹೆನ್ರಿಕೊ ಹಡಗಿನ ಮೇಲೆ ಜಪಾನಿನ ಆತ್ಮಾಹುತಿ ವಿಮಾನ ಬಿದ್ದು ಹಿರಿಯ ಅಧಿಕಾರಿಗಳು ಸತ್ತರು. ವಿಂತ್ರಾಪ್ ಸುಟ್ಟಗಾಯಗಳೊಂದಿಗೆ ಬದುಕಿ ಉಳಿದರು. ಲೆಫ್ಟಿನೆಂಟ್ ಕರ್ನಲ್ ಹುದ್ದೆಯವರೆಗೆ ಏರಿ, ಕಂಚಿನ ನಕ್ಷತ್ರ ಪದಕ ಮತ್ತು ಪರ್ಪಲ್ ಹಾರ್ಟ್ ಪಡೆದು ಸೇನೆಯಿಂದ ಹಿಂತಿರುಗಿದರು.

ನ್ಯೂಯಾರ್ಕಿನಲ್ಲಿ ಅವರಿಗೆ ಮನಸ್ಸು ನಿಲ್ಲಲಿಲ್ಲ. ಎಣ್ಣೆ ಕಂಪನಿಯ ಕೆಲಸ, ರಾತ್ರಿಯ ಕೂಟಗಳು, ಕುಡಿತ. 1948ರಲ್ಲಿ ಬಾರ್ಬರಾ ಸಿಯರ್ಸ್ ಅವರೊಂದಿಗೆ ಮದುವೆ. ಆ ವರ್ಷವೇ ಮಗ ವಿಂತ್ರಾಪ್ ಪಾಲ್ ಹುಟ್ಟಿದ. ಸಂಸಾರ ಬೇಗನೆ ಮುರಿಯಿತು. ವಿಚ್ಛೇದನದ ಜಗಳ ಪತ್ರಿಕೆಗಳಿಗೆ ವರ್ಷಗಟ್ಟಲೆ ಸುದ್ದಿಯಾಯಿತು. 1953ರಲ್ಲಿ ಲಿಟಲ್ ರಾಕ್‌ನಲ್ಲಿದ್ದ ಸೇನೆಯ ಗೆಳೆಯರೊಬ್ಬರ ಒತ್ತಾಸೆಯಿಂದ ಅವರು ಅರ್ಕನ್ಸಾಕ್ಕೆ ಬಂದರು. ನ್ಯೂಯಾರ್ಕಿನವರು ಇದನ್ನು ಮನೆತನದ ಅಡ್ಡದಾರಿ ಹಿಡಿದ ಮಗನ ಪಲಾಯನವೆಂದುಕೊಂಡರು. ಅವರಾದರೋ ಅಲ್ಲೇ ನೆಲೆ ಊರಿದರು.

ಮಾರಿಲ್ಟನ್ ಊರಿನ ಹತ್ತಿರದ ಪೆಟಿಟ್ ಜೀನ್ ಬೆಟ್ಟದ ಮೇಲೆ ಸುಮಾರು ಒಂಬೈನೂರು ಎಕರೆ ಜಮೀನು ಕೊಂಡು ವಿನ್‌ರಾಕ್ ಫಾರ್ಮ್ಸ್ ಎಂಬ ಹೆಸರಿಟ್ಟರು. ಬೆಟ್ಟಕ್ಕೆ ನೀರು ಹತ್ತಿಸಿ, ಹುಲ್ಲುಗಾವಲು ಬೆಳೆಸಿ, ಸಾಂತಾ ಗರ್ಟ್ರೂಡಿಸ್ ದನಗಳನ್ನು ಸಾಕಿದರು. ಈ ತಳಿಯನ್ನು ರೂಪಿಸಿದ್ದು ಟೆಕ್ಸಾಸಿನ ಕಿಂಗ್ ರ‍್ಯಾಂಚ್‌ನಲ್ಲಿ, ಇಂಗ್ಲೆಂಡಿನ ಶಾರ್ಟ್‌ಹಾರ್ನ್ ಮತ್ತು ಅಮೆರಿಕದ ಬ್ರಾಹ್ಮನ್ ದನಗಳ ಮಿಶ್ರಣದಿಂದ. ಬ್ರಾಹ್ಮನ್ ತಳಿಯ ಮೂಲ ಭಾರತದ್ದು. ಗಿರ್, ಒಂಗೋಲ್ ದನಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಕೃಷ್ಣಾ ತೀರದ ದನಗಳ ರಕ್ತವೂ ಅದರಲ್ಲಿದೆ. ಬಿಸಿಲು, ಉಣ್ಣಿ ತಾಳಿಕೊಳ್ಳುವ ಗುಣ ಸಾಂತಾ ಗರ್ಟ್ರೂಡಿಸ್‌ಗೆ ಬಂದದ್ದು ಈ ಭಾರತೀಯ ಪಾಲಿನಿಂದಲೇ.

ಅರ್ಕನ್ಸಾ ಆಗ ಖಾಲಿಯಾಗುತ್ತಿದ್ದ ರಾಜ್ಯ. 1940ರಲ್ಲಿ ಸುಮಾರು ಹತ್ತೊಂಬತ್ತೂವರೆ ಲಕ್ಷವಿದ್ದ ಜನಸಂಖ್ಯೆ 1960ರ ಹೊತ್ತಿಗೆ ಹದಿನೆಂಟು ಲಕ್ಷಕ್ಕಿಂತ ಕೆಳಗಿಳಿಯಿತು. ಹತ್ತಿ ಕೀಳುವ ಯಂತ್ರ ಬಂದು ಕೂಲಿಗಳಿಗೆ ಕೆಲಸ ತಪ್ಪಿತ್ತು. ಪಾಲಿಗೆ ಉಳುತ್ತಿದ್ದ ಒಕ್ಕಲುಗಳು ಗಂಟುಮೂಟೆ ಕಟ್ಟಿ ಶಿಕಾಗೊ, ಡೆಟ್ರಾಯಿಟ್, ಕ್ಯಾಲಿಫೋರ್ನಿಯಾಗಳಿಗೆ ಹೊರಟಿದ್ದರು. 1955ರಲ್ಲಿ ಗವರ್ನರ್ ಆರ್ವಲ್ ಫಾಬಸ್ ರಾಜ್ಯ ಕೈಗಾರಿಕಾಭಿವೃದ್ಧಿ ಆಯೋಗಕ್ಕೆ ವಿಂತ್ರಾಪ್ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿದರು. ಫಾಬಸ್ ಡೆಮಾಕ್ರಟಿಕ್ ಪಕ್ಷದವರು, ವಿಂತ್ರಾಪ್ ರಿಪಬ್ಲಿಕನ್. ಆದರೆ ರಾಕ್‌ಫೆಲ್ಲರ್ ಎಂಬ ಹೆಸರು ಹೇಳಿದರೆ ದೇಶದ ಯಾವ ಕಂಪನಿಯ ಬಾಗಿಲಾದರೂ ತೆರೆಯುತ್ತಿತ್ತು. ಸರ್ಕಾರ ಕೊಡುವ ಸಂಬಳಕ್ಕೆ ಸಮರ್ಥರು ಸಿಗದಿದ್ದಾಗ ಅವರು ತಮ್ಮ ಜೇಬಿನಿಂದ ಸೇರಿಸಿ ಕೊಟ್ಟರು. ಒಂಬತ್ತು ವರ್ಷಗಳಲ್ಲಿ 600ಕ್ಕೂ ಹೆಚ್ಚು ಕಾರ್ಖಾನೆಗಳು, 90,000ಕ್ಕೂ ಹೆಚ್ಚು ಉದ್ಯೋಗಗಳು ಬಂದವು. ಅನೇಕವು ಕಡಿಮೆ ಕೂಲಿಯ ಕೆಲಸಗಳೆಂಬುದು ನಿಜ. ಊರು ಬಿಟ್ಟು ಹೋಗುವುದೊಂದೇ ದಾರಿಯಾಗಿದ್ದವರಿಗೆ ಅದೂ ಸಣ್ಣ ಮಾತಲ್ಲ.

ಇದೇ ವರ್ಷಗಳಲ್ಲಿ ಅವರ ಸ್ವಂತ ಹಣ ಮಾರಿಲ್ಟನ್ನಿನಲ್ಲಿ ಒಂದು ಮಾದರಿ ಶಾಲೆಗೆ, ನೆರೆಯ ಪೆರಿ ಕೌಂಟಿಯಲ್ಲಿ ಚಿಕಿತ್ಸಾಲಯಕ್ಕೆ, ಕಾಲೇಜುಗಳಿಗೆ ಹರಿಯಿತು. 1956ರಲ್ಲಿ ಅವರ ಕೈಹಿಡಿದ ಜೆನೆಟ್ ಎಡ್ರಿಸ್ ಅವರೂ ಸೇರಿ ಲಿಟಲ್ ರಾಕ್‌ನ ಅರ್ಕನ್ಸಾ ಕಲಾಕೇಂದ್ರಕ್ಕೆ ದೇಣಿಗೆ ಎತ್ತಿದರು. 1963ರಲ್ಲಿ ಅದು ತೆರೆಯಿತು.

1957ರ ಸೆಪ್ಟೆಂಬರ್ ಎಲ್ಲವನ್ನೂ ಅಲುಗಾಡಿಸಿತು. ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಸೇರಬೇಕಿತ್ತು. ಅವರನ್ನು ತಡೆಯಲು ಫಾಬಸ್ ರಾಜ್ಯದ ಸಶಸ್ತ್ರ ಪಡೆಯನ್ನು ಶಾಲೆಯ ಬಾಗಿಲಲ್ಲಿ ನಿಲ್ಲಿಸಿದರು. ಹಾಗೆ ಮಾಡಬೇಡಿ ಎಂದು ವಿಂತ್ರಾಪ್ ಮೊದಲೇ ಫಾಬಸ್ ಅವರಲ್ಲಿ ಹೇಳಿ ನೋಡಿದ್ದರು, ಫಲವಾಗಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್ ಸೇನೆಯನ್ನೇ ಕಳಿಸಿ ಮಕ್ಕಳನ್ನು ಒಳಗೆ ಬಿಡಿಸಬೇಕಾಯಿತು. ಮರುವರ್ಷ ಊರಿನ ಹೈಸ್ಕೂಲುಗಳನ್ನೇ ಮುಚ್ಚಲಾಯಿತು. ಇಷ್ಟಾದರೂ ವಿಂತ್ರಾಪ್ ಆಯೋಗದ ಅಧ್ಯಕ್ಷತೆ ಬಿಡಲಿಲ್ಲ. 1964ರವರೆಗೆ ಫಾಬಸ್ ಸರ್ಕಾರದ ಒಂದು ಹುದ್ದೆಯಲ್ಲೇ ಉಳಿದದ್ದು ಅವರ ಬಾಳಿನ ಪ್ರಶ್ನಾರ್ಹ ನಿರ್ಧಾರ. ಕಾರ್ಖಾನೆಗಳಿಗಾಗಿ ಉಳಿದರೆಂಬ ಸಮರ್ಥನೆಯಿದೆ. ಒಂಬತ್ತು ಮಕ್ಕಳ ಕಡೆಯಿಂದ ನೋಡಿದಾಗ ಅದು ಸಾಲದು.

ಒಂದೇ ಪಕ್ಷ ಎದುರಿಲ್ಲದೆ ಆಳುವವರೆಗೆ ರಾಜ್ಯ ಬದಲಾಗದೆಂಬ ತೀರ್ಮಾನಕ್ಕೆ ಅವರು ಬಂದರು. 1874ರ ನಂತರ ಅರ್ಕನ್ಸಾದಲ್ಲಿ ರಿಪಬ್ಲಿಕನ್ ಗವರ್ನರ್ ಆಗಿರಲಿಲ್ಲ. ಪಕ್ಷದ ಹೆಸರಿಗೆ ಇದ್ದವರು ಬೆರಳೆಣಿಕೆಯ ಮಂದಿ. ಕೌಂಟಿಯಿಂದ ಕೌಂಟಿಗೆ ಹಣ ಸುರಿದು, ಕಾರ್ಯಕರ್ತರನ್ನಿಟ್ಟು ಪಕ್ಷವನ್ನು ಅವರು ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಿದರು. 1964ರಲ್ಲಿ ಫಾಬಸ್ ಎದುರು ನಿಂತು ಶೇಕಡಾ 43 ಮತ ಪಡೆದು ಸೋತರು. ಅದೇ ಚುನಾವಣೆಯಲ್ಲಿ, ಅವರ ಪಕ್ಷದ ಬೆಂಬಲದೊಂದಿಗೆ, ಮತದಾನಕ್ಕಿದ್ದ ತಲೆಗಂದಾಯವನ್ನು ಕಿತ್ತುಹಾಕಿ ಶಾಶ್ವತ ಮತದಾರರ ನೋಂದಣಿಯನ್ನು ತರುವ ಸಂವಿಧಾನ ತಿದ್ದುಪಡಿ ಗೆದ್ದಿತು. ಬಡವರನ್ನು, ಅದರಲ್ಲೂ ಕಪ್ಪು ಜನರನ್ನು, ಮತಗಟ್ಟೆಯಿಂದ ದೂರವಿಟ್ಟಿದ್ದ ಬೇಲಿ ಅದು. ಮುಂದಿನ ವರ್ಷ ಕೇಂದ್ರದ ಮತದಾನ ಹಕ್ಕು ಕಾಯ್ದೆ ಬಂತು. 1966ರಲ್ಲಿ ಎದುರಾಳಿಯಾಗಿ ನಿಂತವರು ಜೇಮ್ಸ್ ಜಾನ್ಸನ್. ವರ್ಣಭೇದ ನೀತಿಯ ಉಗ್ರ ಬೆಂಬಲಿಗರಾಗಿದ್ದ ರಾಜ್ಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಕಪ್ಪು ಮತದಾರರು ಬಹುತೇಕ ಒಟ್ಟಾಗಿ ವಿಂತ್ರಾಪ್ ಕಡೆ ಬಂದರು. ಶೇಕಡಾ 54 ಮತಗಳೊಂದಿಗೆ ಅವರು ಗೆದ್ದರು.

ಗೆದ್ದು ಕೂತದ್ದು ಎಂಥ ಸಭೆಯ ಎದುರು? ಎರಡು ಸದನಗಳ 135 ಸದಸ್ಯರಲ್ಲಿ ಅವರ ಪಕ್ಷದವರು ಮೂವರು. ಅರ್ಕನ್ಸಾ ಸಂವಿಧಾನದಂತೆ ಗವರ್ನರ್ ತಿರಸ್ಕರಿಸಿದ ಮಸೂದೆಯನ್ನು ಸಭೆ ಸರಳ ಬಹುಮತದಿಂದಲೇ ಮತ್ತೆ ಜಾರಿ ಮಾಡಬಹುದು, ಹಾಗಾಗಿ ವೀಟೋ ಅಧಿಕಾರವೂ ಮೊಂಡು. ಆಗ ಅಧಿಕಾರಾವಧಿ ಎರಡೇ ವರ್ಷ. ಗವರ್ನರ್ ಸಂಬಳ ವರ್ಷಕ್ಕೆ 10,000 ಡಾಲರು. ಅದು ಈ ಗವರ್ನರ್‌ಗೆ ಲೆಕ್ಕಕ್ಕಿಲ್ಲ. ಶ್ರೀಮಂತಿಕೆ ಅವರಿಗೆ ಕೊಟ್ಟಿದ್ದು ಒಂದು ನಿಜವಾದ ಬಲವನ್ನು: ಚುನಾವಣೆಗೆ ಹಣ ಕೊಟ್ಟ ಜಮೀನುದಾರ, ಗುತ್ತಿಗೆದಾರ, ಜೂಜುಕೋರ ಯಾರ ಋಣವೂ ಅವರ ಮೇಲಿರಲಿಲ್ಲ. ಆದರೆ ಸಭೆಯ ಮತಗಳನ್ನು ಆ ಹಣ ತರಲಿಲ್ಲ. ಹಾಗಾಗಿ ಅವರ ಸಾಧನೆಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವು ಗವರ್ನರ್ ಒಬ್ಬರೇ ತಮ್ಮ ಸಹಿಯಿಂದ, ನೇಮಕದಿಂದ, ಇಲ್ಲವೇ ಎದ್ದು ಹೋಗಿ ನಿಲ್ಲುವುದರಿಂದ ಮಾಡಬಹುದಾದ ಕೆಲಸಗಳು.

ಹಾಟ್ ಸ್ಪ್ರಿಂಗ್ಸ್ ಊರಿನ ಕತೆ ಅಂಥದ್ದು. ಕಾನೂನು ಪ್ರಕಾರ ಜೂಜು ಆಗ ಅಲ್ಲಿ ಅಪರಾಧವಾಗಿತ್ತು. ಆದರೆ ದಶಕಗಳಿಂದ ಅಡ್ಡೆಗಳು ದೀಪ ಹಚ್ಚಿಕೊಂಡು ಬಹಿರಂಗವಾಗಿ ನಡೆಯುತ್ತಿದ್ದವು, ಪೊಲೀಸರಿಗೂ ರಾಜಕಾರಣಿಗಳಿಗೂ ಪಾಲು ಸಲ್ಲುತ್ತಿತ್ತು. 1967ರಲ್ಲಿ ರಾಜ್ಯ ಪೊಲೀಸರು ದಾಳಿಯ ಮೇಲೆ ದಾಳಿ ನಡೆಸಿ ಯಂತ್ರಗಳನ್ನು ಹೊತ್ತು ತಂದು ನಾಶ ಮಾಡಿದರು. ಹೊಸ ಕಾನೂನೇನೂ ಬೇಕಾಗಲಿಲ್ಲ, ಇದ್ದದ್ದನ್ನು ಜಾರಿ ಮಾಡಿದರೆ ಸಾಕಾಯಿತು. ಅದೇ ವರ್ಷ ಸರ್ಕಾರಿ ದಾಖಲೆಗಳನ್ನೂ ಸಭೆಗಳನ್ನೂ ಸಾರ್ವಜನಿಕರಿಗೆ ತೆರೆದಿಡುವ ಮಾಹಿತಿ ಸ್ವಾತಂತ್ರ್ಯ ಕಾಯ್ದೆಗೆ ಅವರು ಅಂಕಿತ ಹಾಕಿದರು. ಶಾಸನಸಭೆ ಒಪ್ಪಿ ಕೊಟ್ಟ ಕೆಲವೇ ದೊಡ್ಡ ಕಾನೂನುಗಳಲ್ಲಿ ಅದು ಒಂದು.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಜೈಲುಗಳ ವಿಷಯ. ಅರ್ಕನ್ಸಾದಲ್ಲಿ ಟಕರ್ ಮತ್ತು ಕಮಿನ್ಸ್ ಎಂಬ ಎರಡು ಜೈಲು ತೋಟಗಳಿದ್ದವು, ಸಾವಿರಾರು ಎಕರೆ ಹತ್ತಿ, ತರಕಾರಿಯ ಹೊಲ. ರಾಜ್ಯ ಅವುಗಳಿಗೆ ಹಣ ಕೊಡುತ್ತಿರಲಿಲ್ಲ. ಕೈದಿಗಳ ದುಡಿತದಲ್ಲೇ ಖರ್ಚು ಹುಟ್ಟಬೇಕಿತ್ತು. ಸಂಬಳದ ಕಾವಲುಗಾರರು ಕೆಲವರೇ. ಆಯ್ದ ಕೈದಿಗಳ ಕೈಗೇ ಬಂದೂಕು ಕೊಟ್ಟು ಉಳಿದವರನ್ನು ಕಾಯಿಸುತ್ತಿದ್ದರು. ಊಟ, ಹಾಸಿಗೆ, ಔಷಧ, ಹಗುರ ಕೆಲಸ ಎಲ್ಲಕ್ಕೂ ಈ ಬಂದೂಕಿನ ಕೈದಿಗಳಿಗೆ ಲಂಚ. ಚರ್ಮದ ಪಟ್ಟಿಯ ಏಟು ದಿನನಿತ್ಯದ್ದು. ಹಳೆಯ ಟೆಲಿಫೋನಿನ ಕೈತಿರುಗಣೆಯಿಂದ ಮೈಗೆ ವಿದ್ಯುತ್ ಹರಿಸುವ ಉಪಕರಣಕ್ಕೆ ‘ಟಕರ್ ಟೆಲಿಫೋನ್’ ಎಂದು ಹೆಸರಿತ್ತು. ಫಾಬಸ್ ಕಾಲದಲ್ಲೇ, 1966ರಲ್ಲಿ, ರಾಜ್ಯ ಪೊಲೀಸರು ತನಿಖೆ ನಡೆಸಿ ವರದಿ ಬರೆದಿದ್ದರು. ಅದನ್ನು ಮುಚ್ಚಿಡಲಾಗಿತ್ತು. 1967ರ ಜನವರಿಯಲ್ಲಿ, ಕುರ್ಚಿಗೆ ಬಂದ ಕೆಲವೇ ದಿನಗಳಲ್ಲಿ, ವಿಂತ್ರಾಪ್ ಆ ವರದಿಯನ್ನು ಬಹಿರಂಗಗೊಳಿಸಿದರು.

ಟಕರ್ ತೋಟದ ಸುಧಾರಣೆಗೆ ಅಪರಾಧಶಾಸ್ತ್ರದ ಅಧ್ಯಾಪಕ ಟಾಮ್ ಮರ್ಟನ್ ಅವರನ್ನು ನೇಮಿಸಲಾಯಿತು. ಮುಂದೆ ಅವರು ಕಮಿನ್ಸ್‌ಗೆ ಹೋದರು. ಸತ್ತ ಕೈದಿಗಳನ್ನು ಗುಟ್ಟಾಗಿ ಹೂಳಿದ್ದಾರೆಂಬ ಮಾತು ಅಲ್ಲಿ ಅವರ ಕಿವಿಗೆ ಬಿತ್ತು. 1968ರ ಜನವರಿ 29ರಂದು, ಪತ್ರಕರ್ತರ ಎದುರೇ ಹೊಲ ಅಗೆಸಿದಾಗ ಮೂರು ಅಸ್ಥಿಪಂಜರಗಳು ಸಿಕ್ಕವು. ಸುದ್ದಿ ಜಗತ್ತಿನಾದ್ಯಂತ ಹರಡಿತು. ಅದು ಹಳೆಯ ಅನಾಥರ ಸ್ಮಶಾನವೆಂಬ ವಾದ ಬಂತು, ಕೊಲೆಯಾದವರೆಂಬ ವಾದವೂ ನಿಂತಿತು, ವಿವಾದ ಬಗೆಹರಿಯಲಿಲ್ಲ. ಮಾರ್ಚಿನಲ್ಲಿ ಮರ್ಟನ್ ಅವರನ್ನು ಕೆಲಸದಿಂದ ತೆಗೆದರು. ಇಲ್ಲಿ ವಿಂತ್ರಾಪ್ ಹಿಂಜರಿದರೆಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಯಾರೊಡನೆಯೂ ಹೊಂದಿಕೊಳ್ಳದ ಮರ್ಟನ್ ಅವರನ್ನು ಇಟ್ಟುಕೊಂಡು ಸಭೆಯಿಂದ ಜೈಲಿಗೆ ಹಣ ಪಡೆಯುವುದು ಸಾಧ್ಯವಿರಲಿಲ್ಲವೆಂಬುದೂ ನಿಜವೇ. ಅದೇ ವರ್ಷ ಜೈಲುಗಳಿಗೆಂದೇ ಪ್ರತ್ಯೇಕ ಇಲಾಖೆ ಹುಟ್ಟಿತು, ರಾಬರ್ಟ್ ಸಾರ್ವರ್ ಮುಖ್ಯಸ್ಥರಾದರು. ಕೈದಿಗಳು ಹೂಡಿದ ಮೊಕದ್ದಮೆಯಲ್ಲಿ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶ ಸ್ಮಿತ್ ಹೆನ್ಲಿ 1970ರ ಫೆಬ್ರವರಿಯಲ್ಲಿ ಅರ್ಕನ್ಸಾದ ಇಡೀ ಜೈಲು ವ್ಯವಸ್ಥೆಯೇ ಸಂವಿಧಾನಬಾಹಿರವೆಂದು ತೀರ್ಪಿತ್ತರು. ಒಂದು ರಾಜ್ಯದ ಜೈಲುಗಳ ಬಗ್ಗೆ ಒಟ್ಟಾಗಿ ಅಂಥ ತೀರ್ಪು ಬಂದದ್ದು ಅಮೆರಿಕದಲ್ಲಿ ಅದೇ ಮೊದಲು. ಮರ್ಟನ್ ಅನುಭವಗಳನ್ನು ಆಧರಿಸಿ 1980ರಲ್ಲಿ ‘ಬ್ರೂಬೇಕರ್’ ಚಲನಚಿತ್ರ ಬಂತು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಮೆಂಫಿಸ್‌ನಲ್ಲಿ ಕೊಂದರು. ಮಿಸಿಸಿಪ್ಪಿ ನದಿ ದಾಟಿದರೆ ಅರ್ಕನ್ಸಾ. ದೇಶದ ನೂರಕ್ಕೂ ಹೆಚ್ಚು ಊರುಗಳಲ್ಲಿ ಬೆಂಕಿ ಬಿತ್ತು.  ಏಪ್ರಿಲ್ 7ರಂದು ಲಿಟಲ್ ರಾಕ್‌ನ ಶಾಸನಸಭಾ ಭವನದ ಮೆಟ್ಟಿಲುಗಳ ಮೇಲೆ ಕಪ್ಪು ನಾಯಕರೊಂದಿಗೆ ವಿಂತ್ರಾಪ್ ಕೈಕೈ ಹಿಡಿದು ನಿಂತು, ನಾಗರಿಕ ಹಕ್ಕು ಚಳವಳಿಯ ಹಾಡಿಗೆ ದನಿ ಸೇರಿಸಿದರು. ದಕ್ಷಿಣದಲ್ಲಿ ಹೀಗೆ ಬಹಿರಂಗವಾಗಿ ಶ್ರದ್ಧಾಂಜಲಿ ಸಲ್ಲಿಸಿದ ಗವರ್ನರ್ ಅವರೊಬ್ಬರೇ. ಹನ್ನೊಂದು ವರ್ಷಗಳ ಹಿಂದೆ ಅದೇ ಊರಿನ ಶಾಲೆಯ ಬಾಗಿಲಲ್ಲಿ ಬಂದೂಕು ನಿಂತಿತ್ತು. ರಾಜ್ಯದ ಬಡತನ ನಿವಾರಣೆ ಕಚೇರಿಗೆ ಕಪ್ಪು ಜನಾಂಗದ ವಿಲಿಯಂ ವಾಕರ್ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಿದ್ದು, ಸೇನಾಭರ್ತಿ ಮಂಡಳಿಗಳಿಗೆ ಕಪ್ಪು ಸದಸ್ಯರನ್ನು ತಂದದ್ದು ಕೂಡ ಅವರ ಸಹಿಯಿಂದಾದ ಕೆಲಸಗಳೇ.

ಅದೇ ವರ್ಷದ ನವೆಂಬರಿನಲ್ಲಿ ಅರ್ಕನ್ಸಾದ ಮತದಾರರು ಒಂದೇ ದಿನ ಮೂರು ದಿಕ್ಕಿಗೆ ನಡೆದರು. ಅಧ್ಯಕ್ಷ ಸ್ಥಾನಕ್ಕೆ ವರ್ಣಭೇದವಾದಿ ಜಾರ್ಜ್ ವಾಲೇಸ್, ಸೆನೆಟ್‌ಗೆ ವಿಯೆಟ್ನಾಂ ಯುದ್ಧದ ವಿರೋಧಿ ವಿಲಿಯಂ ಫುಲ್‌ಬ್ರೈಟ್, ಗವರ್ನರ್ ಸ್ಥಾನಕ್ಕೆ ವಿಂತ್ರಾಪ್. ಅವರಿಗೆ ಬಂದದ್ದು ಶೇಕಡಾ 52 ಮತ. ಈ ಗೆಲುವನ್ನು ನೆಚ್ಚಿ 1969ರಲ್ಲಿ ಶಾಲೆ, ಆಸ್ಪತ್ರೆ, ಜೈಲುಗಳಿಗಾಗಿ ಸುಮಾರು 9 ಕೋಟಿ ಡಾಲರುಗಳ ತೆರಿಗೆ ಏರಿಕೆಯನ್ನು ಸಭೆಯ ಮುಂದಿಟ್ಟರು. ಸಭೆ ಅದರ ಬಹುಭಾಗವನ್ನು ಎತ್ತಿ ಎಸೆಯಿತು. ಸಂಧಾನ ಅವರ ಕೈಗೆ ಒಗ್ಗದ ಕಲೆ. ಶಾಸಕರನ್ನು ಮಾತಾಡಿಸಿ ಒಲಿಸಿಕೊಳ್ಳುವುದು ಅವರಿಂದ ಆಗಲಿಲ್ಲ. ಕಚೇರಿಗೆ ತಡವಾಗಿ ಬರುವುದು, ವಾರಗಟ್ಟಲೆ ಬೆಟ್ಟದ ಮನೆಯಲ್ಲಿ ಉಳಿಯುವುದು, ಕುಡಿತ ಇವೆಲ್ಲ ವಿರೋಧಿಗಳ ಬಾಯಿಗೆ ಆಹಾರವಾದವು.

ಎರಡೇ ಅವಧಿ ಎಂದು ಹೇಳಿದ್ದ ಮಾತನ್ನು ಬಿಟ್ಟು 1970ರಲ್ಲಿ ಮತ್ತೆ ನಿಂತರು. ಈ ಸಲ ಎದುರಿಗಿದ್ದವರು ಫಾಬಸ್ ಅಥವಾ ಜಾನ್ಸನ್ ಮಾದರಿಯವರಲ್ಲ. ಚಾರ್ಲ್ಸ್ಟನ್ ಎಂಬ ಸಣ್ಣ ಊರಿನ ವಕೀಲ ಡೇಲ್ ಬಂಪರ್ಸ್, ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಫಾಬಸ್ ಅವರನ್ನೇ ಸೋಲಿಸಿ ಬಂದ ಸುಧಾರಕ. ವಿಂತ್ರಾಪ್ ಮತ ಶೇಕಡಾ 32ಕ್ಕೆ ಕುಸಿಯಿತು. ಬಂಪರ್ಸ್ ಗವರ್ನರ್ ಆದ ಮೇಲೆ 1971ರಲ್ಲಿ ಆದಾಯ ತೆರಿಗೆ ಏರಿತು, ಚದುರಿಹೋಗಿದ್ದ ಹತ್ತಾರು ಇಲಾಖೆಗಳು ಹದಿಮೂರಕ್ಕೆ ಇಳಿದವು. ವಿಂತ್ರಾಪ್ ಕೇಳಿ ಪಡೆಯಲಾಗದಿದ್ದ ಸುಧಾರಣೆಗಳನ್ನೇ ಡೆಮಾಕ್ರಟಿಕ್ ಸಭೆ ತನ್ನ ಪಕ್ಷದ ಗವರ್ನರ್‌ಗೆ ಕೊಟ್ಟಿತು. ಅವರು ಪಕ್ಷವೊಂದನ್ನು ಕಟ್ಟಲು ಹೊರಟು, ಎದುರು ಪಕ್ಷವನ್ನು ಬದಲಾಯಿಸಿ ಹೋದರು. ಫಾಬಸ್ ಯುಗ ಮರಳಲಿಲ್ಲ.

ಅಧಿಕಾರ ಬಿಡುವ ಮುನ್ನ, 1970ರ ಡಿಸೆಂಬರ್ 29ರಂದು, ಅವರು ಇನ್ನೊಂದು ಸಹಿ ಹಾಕಿದರು. ಅರ್ಕನ್ಸಾದಲ್ಲಿ ಮರಣದಂಡನೆಗೆ ಕಾದಿದ್ದ ಹದಿನೈದೂ ಜನರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಮರಣದಂಡನೆಯನ್ನು ತಾವು ಒಪ್ಪುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿ, ಬೇರೆ ಗವರ್ನರ್‌ಗಳೂ ಹೀಗೆ ಮಾಡಲೆಂದು ಕೋರಿದರು. ಆಗ ಅದನ್ನು ಯಾರೂ ಅನುಸರಿಸಲಿಲ್ಲ. ಇದೇ ಹೊತ್ತಿನಲ್ಲಿ ಅಣ್ಣ ನೆಲ್ಸನ್ ನ್ಯೂಯಾರ್ಕಿನ ಗವರ್ನರ್. 1971ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಟಿಕಾ ಜೈಲಿನಲ್ಲಿ ಕೈದಿಗಳು ದಂಗೆ ಎದ್ದಾಗ ನೆಲ್ಸನ್ ಸ್ಥಳಕ್ಕೆ ಹೋಗಲೊಪ್ಪದೆ ಪೊಲೀಸರನ್ನು ನುಗ್ಗಿಸಿದರು. ಆ ಪ್ರಕರಣದಲ್ಲಿ ಒಟ್ಟು 43 ಮಂದಿ ಸತ್ತರು. ಒಂದೇ ಮನೆಯಲ್ಲಿ, ಒಂದೇ ಲೆಕ್ಕದ ಪುಸ್ತಕದ ಶಿಸ್ತಿನಲ್ಲಿ ಬೆಳೆದ ಇಬ್ಬರು ಸೋದರರು ಇವರು. ದೇಶದ ಉಪಾಧ್ಯಕ್ಷ ಪದವಿಯವರೆಗೂ ಹೋದವರು ನೆಲ್ಸನ್. ಜೈಲಿನ ವಿಷಯದಲ್ಲಿ ಮೇಲ್ಮಟ್ಟದ ಧೈರ್ಯ ತೋರಿದವರು ಮಾತ್ರ ತಮ್ಮ.

1971ರಲ್ಲಿ ಜೆನೆಟ್ ಅವರಿಂದಲೂ ವಿಚ್ಛೇದನವಾಯಿತು. ಮರುವರ್ಷ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. 1973ರ ಫೆಬ್ರವರಿ 22ರಂದು, ಅರವತ್ತನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಅವರು ತೀರಿಕೊಂಡರು. ಉಯಿಲಿನಂತೆ ಆಸ್ತಿಯ ದೊಡ್ಡ ಭಾಗ ಧರ್ಮದರ್ಶಿ ನಿಧಿಗೆ ಸೇರಿತು. ಅವರ ಹೆಸರಿನ ಪ್ರತಿಷ್ಠಾನವೊಂದು ಅರ್ಕನ್ಸಾದ ಶಿಕ್ಷಣ ಮತ್ತು ಬಡತನದ ಪ್ರಶ್ನೆಗಳಲ್ಲಿ ಇಂದಿಗೂ ತೊಡಗಿದೆ. ಬೆಟ್ಟದ ಮೇಲಿನ ಜಾನುವಾರು ಕೇಂದ್ರ 1985ರಲ್ಲಿ ಇನ್ನೆರಡು ಕೃಷಿ ಸಂಸ್ಥೆಗಳೊಂದಿಗೆ ಸೇರಿ ವಿನ್‌ರಾಕ್ ಇಂಟರ್‌ನ್ಯಾಷನಲ್ ಆಯಿತು. ಇವುಗಳಲ್ಲಿ ಒಂದನ್ನು ಸ್ಥಾಪಿಸಿದವರು ಹಿರಿಯಣ್ಣ ಜಾನ್. ಮಗ ವಿಂತ್ರಾಪ್ ಪಾಲ್ 1996ರಿಂದ 2006ರಲ್ಲಿ ತೀರಿಕೊಳ್ಳುವವರೆಗೆ ಅದೇ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆಗಿದ್ದರು. ಜೈಲುಗಳ ಮೊಕದ್ದಮೆ 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕೈದಿಗಳ ಪರವಾಗಿ ತೀರ್ಮಾನವಾಯಿತು. ಅದಾದ ನಂತರವೂ ಕೆಲವು ವರ್ಷ ಅರ್ಕನ್ಸಾದ ಜೈಲುಗಳು ನ್ಯಾಯಾಲಯದ ಉಸ್ತುವಾರಿಯಲ್ಲೇ ಇದ್ದವು.